ಕರ್ಚೀಫು ಮೇಲೆದ್ದರೆ ನಗಬೇಕು

ನಗುವುದಕ್ಕೂ ತಾಲೀಮು ಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ನನ್ನ ತಮ್ಮ ಸಿನಿಮಾ ಮಾಡಿದ ಮೇಲೆ. ಅದೂ ಎಂಥ ಸಿನಿಮಾ! ಬೇರೆಯವರ ತಮ್ಮಂದಿರು ಸಿನಿಮಾ ಮಾಡಿದರೆ ಅದರಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದಷ್ಟು ಹೊಡೆದಾಟ ಇರುತ್ತದೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಇವನ ಸಿನಿಮಾದಲ್ಲಿ ಬೇರೊಂದು ಗ್ರಹದ ಸರ್ಕಾರ ದಿವಾಳಿಯಾಗಿ, ಭೂಮಿಯಿಂದ ತೆರಿಗೆ ವಸೂಲು ಮಾಡಲು ಒಬ್ಬ ಅಧಿಕಾರಿಯನ್ನು ಕಳಿಸುತ್ತದೆ. ಇರುವುದಕ್ಕೆಲ್ಲ ಇಲ್ಲಿನವರೇ ಆಗಲೇ ತೆರಿಗೆ ಹಾಕಿಬಿಟ್ಟಿದ್ದಾರಲ್ಲ, ಹಾಗಾಗಿ ಅವನು ಇಲ್ಲದ್ದಕ್ಕೆ ತೆರಿಗೆ ಹಾಕುತ್ತಾನೆ. ಖಾಲಿ ಡಬ್ಬಿಗೆ, ಖಾಲಿ ಜೇಬಿಗೆ, ಖಾಲಿ ತಲೆಗೆ, ಮಂತ್ರಿಗಳ ಖಾಲಿ ಮಾತಿಗೆ. ಸಿನಿಮಾದ ಹೆಸರು ‘ಖಾಲಿ ತೆರಿಗೆ’. ಆ ಅಧಿಕಾರಿಯ ತಲೆಯ ಮೇಲೆ ಆಡುವ ಎರಡು ಕೊಂಬುಗಳು ನನ್ನ ಡ್ರೈವಿಂಗ್ ಸ್ಕೂಲ್ ಕಾರಿನ ವೈಪರ್‌ಗಳು. ಒಂದು ಮಾತು ಕೇಳದೆ ಬಿಚ್ಚಿಕೊಂಡು ಹೋಗಿದ್ದ, ಕಳ್ಳ.

ಕಲಿಯುವವರ ಪಕ್ಕದ ಸೀಟಿನಲ್ಲಿ ದಿನಾ ಜೀವ ಕೈಯಲ್ಲಿ ಹಿಡಿದು ಕೂರುವ ನನ್ನಂಥವಳಿಗೆ ನಗು ಸುಲಭಕ್ಕೆ ಬರುವುದಿಲ್ಲ. ಅವನು ಕಥೆ ಹೇಳಿ ಮುಗಿಸಿದಾಗ, “ಇದ್ರಲ್ಲಿ ನಗೋದು ಎಲ್ಲೋ?” ಎಂದು ಕೇಳಿದ್ದೆ.

“ನಿಂಗೆಲ್ಲಿ ಬರುತ್ತೋ ಅಲ್ಲಿ ನಗು ಅಕ್ಕ,” ಎಂದ.

ಇವನದು ಇದೇ ರೋಗ. ಕೇಳಿದ್ದಕ್ಕೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ.

ಆದರೆ ಬಿಡುಗಡೆಗೆ ಒಂದು ವಾರವಿದೆ ಎನ್ನುವಾಗ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ. ಸಿಕ್ಕಿರುವುದು ಒಂದೇ ಥಿಯೇಟರ್. ಅದರ ಮಾಲೀಕರು ಸಿನಿಮಾ ನೋಡುವವರಲ್ಲ, ಕೇಳುವವರು. ಹೊಸ ಸಿನಿಮಾದ ಮೊದಲ ಆಟದ ದಿನ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು, ಬಾಗಿಲಿಗೆ ಕಿವಿ ಕೊಟ್ಟು ಕೂರುತ್ತಾರೆ. ಒಳಗೆ ಸದ್ದಾದರೆ ಸಿನಿಮಾ ಬದುಕಿತು, ಸದ್ದಿಲ್ಲದಿದ್ದರೆ ಸತ್ತಿತು. “ಕಾಮಿಡಿ ಅಂತೀಯ. ಬೆಳಗಿನ ಆಟಕ್ಕೆ ಜನ ನಗ್ಲಿಲ್ಲ ಅಂದ್ರೆ ಮ್ಯಾಟ್ನಿಗೆ ದೆವ್ವದ ಪಿಕ್ಚರ್ ಹಾಕ್ತೀನಿ,” ಎಂದಿದ್ದರಂತೆ. ತಮ್ಮ ಬೇರೆಯವರ ಸೆಟ್ಟಿನಲ್ಲಿ ಕೊಡೆ ಹಿಡಿದು, ಬೈಸಿಕೊಂಡು, ಕೂದಲು ನೆರೆಯುವ ಹೊತ್ತಿಗೆ ಅಂತೂ ತನ್ನದೆಂದು ಒಂದು ಸಿನಿಮಾ ಮಾಡಿದ್ದ. ಇದು ಒಂದೇ ಆಟಕ್ಕೆ ಎತ್ತಂಗಡಿಯಾದರೆ ಮುಂದೆ ಯಾರೂ ಇವನ ಕೈಗೆ ಕ್ಯಾಮೆರಾ ಕೊಡುವುದಿಲ್ಲ, ಕೊಡೆಯನ್ನೇ ಕೊಡುತ್ತಾರೆ. ಊಟಕ್ಕೆ ಕೂತವನು ತಟ್ಟೆಯಲ್ಲಿ ಗೆರೆ ಎಳೆಯುತ್ತ ಕೂತ. ಅವನಿಗೆ ಹೇಳದೆ ಕೇಳದೆ ನಗುವ ಪಡೆಯೊಂದನ್ನು ಕಟ್ಟಲು ನಾನು ಅಲ್ಲೇ ತೀರ್ಮಾನಿಸಿದೆ.

ಪಡೆಗೆ ಸಿಕ್ಕವರೆಂದರೆ ನನ್ನ ಗಂಡ, ಚಿಕ್ಕಮ್ಮ, ನನ್ನ ಹತ್ತಿರ ಕಾರು ಕಲಿಯುತ್ತಿದ್ದ ಬ್ರೇಕ್ ಮೇಷ್ಟ್ರು. ಮೇಷ್ಟ್ರು ನಿವೃತ್ತ ಗಣಿತದ ಮೇಷ್ಟ್ರು. ಕಾರು ನಿಂತಿದ್ದಾಗಲೂ ಬ್ರೇಕಿನ ಮೇಲಿಂದ ಕಾಲು ತೆಗೆಯುವುದಿಲ್ಲವಾದ್ದರಿಂದ ಆ ಹೆಸರು. ಬಂದಿದ್ದ ತೊಡಕು ಒಂದೇ: ಎಲ್ಲಿ ನಗಬೇಕೆಂದು ನಮಗಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ದೊಡ್ಡಪ್ಪ ಒಬ್ಬರೇ.

ದೊಡ್ಡಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡ ನಮ್ಮಿಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಅವರು ಮತ್ತು ದೊಡ್ಡಮ್ಮ. ಮನೆಯಲ್ಲೂ ಅವರದು ಬಾವುಟದ ಆಡಳಿತ. ಓದಿನ ಹೊತ್ತಿಗೆ ಕೆಂಪು, ಆಟಕ್ಕೆ ಹಸಿರು. ಬಾಯಿ ಮಾತು ಕಡಿಮೆ. ತಮ್ಮ ಬರೆದದ್ದನ್ನೆಲ್ಲ ಅವರ ಮುಂದೆ ಕೂತು ಓದುತ್ತಿದ್ದ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, ನಗು ಬಂದ ಕಡೆ ತೋರುಬೆರಳು ಎತ್ತುತ್ತಿದ್ದರು. ಅಷ್ಟೇ ಅವರ ನಗು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಾಗ ದೊಡ್ಡಪ್ಪ ಅಳಲಿಲ್ಲ. ಬಂದವರಿಗೆ ಚಪ್ಪಲಿ ಎಲ್ಲಿ ಬಿಡಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ಕೈಸನ್ನೆ ಮಾಡುತ್ತ ಗೇಟಿನಲ್ಲಿ ನಿಂತಿದ್ದರು. “ಕಣ್ಣೀರು ಬರ್ತಾ ಇಲ್ಲ ಕಣೇ, ಎಲ್ಲೋ ಕಟ್ಕೊಂಡಿದೆ,” ಎಂದು ನನ್ನ ಹತ್ತಿರ ನಲ್ಲಿಯ ವಿಷಯ ಹೇಳಿದಂತೆ ಹೇಳಿದ್ದರು. ಆಮೇಲೆ ಆ ಮಾತನ್ನೂ ಆಡಲಿಲ್ಲ. ಮುಂದಿನ ಕೋಣೆಯಲ್ಲಿ ದೊಡ್ಡಮ್ಮನ ಬೆತ್ತದ ಕುರ್ಚಿ ಇತ್ತು, ಒಂದು ಕೈಗೆ ನೀಲಿ ಬಟ್ಟೆ ಸುತ್ತಿದ್ದು. ಅದರಲ್ಲಿ ಯಾರಾದರೂ ಕೂರಲು ಹೋದರೆ ಮಾತ್ರ ಅವರ ಅಂಗೈ ತಾನಾಗಿ ಮೇಲೇಳುತ್ತಿತ್ತು. ಕೆಂಪು ಬಾವುಟ.

ದೊಡ್ಡಮ್ಮನ ಬಗ್ಗೆಯೂ ಒಂದು ಮಾತು ಹೇಳಬೇಕು. ಮೀಟರ್ ನೋಡಲು ಬಂದವನಿರಲಿ, ಜಗಳಕ್ಕೆ ಬಂದ ಪಕ್ಕದ ಮನೆಯವರಿರಲಿ, ಹೊರಟರೆಂದರೆ “ನೀರು ಕುಡ್ಕೊಂಡು ಹೋಗಿ” ಎಂದು ತಡೆದು ಒಳಗೆ ಹೋಗುವರು. ಹೋದರೆ ಬರುವುದು ಉಂಟೇ? ದಾರಿಯಲ್ಲಿ ಒಲೆ ಕಾಣುತ್ತದೆ, ಕಸಬರಿಕೆ ಕಾಣುತ್ತದೆ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾದವರು ಎಷ್ಟು ಜನವೋ. ಕೊನೆಗೊಮ್ಮೆ ಬಂದಾಗ ಕೈಯಲ್ಲಿ ನೀರಿನ ಲೋಟ ಬಿಟ್ಟು ಬೇರೆ ಏನಾದರೂ ಇರುತ್ತಿತ್ತು.

ದೊಡ್ಡಪ್ಪನ ಮುಂದೆ ನನ್ನ ಯೋಜನೆ ಇಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: “ಸಿಗ್ನಲ್ ಏನು?”

ಕತ್ತಲೆಯಲ್ಲಿ ಹಸಿರು ಬಾವುಟ ಕಾಣುವುದಿಲ್ಲ. ಬಿಳಿ ಕರ್ಚೀಫು ಎಂದಾಯಿತು. ದೊಡ್ಡಪ್ಪ ಮೊದಲ ಸಾಲಿನಲ್ಲಿ ಕೂರುವುದು. ಕರ್ಚೀಫು ಮುಖದ ಮಟ್ಟಕ್ಕೆ ಏರಿದರೆ ನಗುವುದು, ಇಳಿದರೆ ನಿಲ್ಲಿಸುವುದು. ಏರಿದ್ದು ಇಳಿಯುವ ತನಕ ಯಾರೂ ಬಾಯಿ ಮುಚ್ಚುವಂತಿಲ್ಲ. “ಸಿಗ್ನಲ್ ಯಾಕೆ ಅಂತ ಕೇಳ್ಬಾರ್ದು. ಕೇಳಿದ್ರೆ ಗಾಡಿ ಓಡಲ್ಲ,” ಎಂದರು.

ಅವರ ಮನೆಯಲ್ಲೇ ತಾಲೀಮು ನಡೆಯಿತು. ನನ್ನ ಗಂಡನ ನಗು ಚಳಿಗೆ ಸ್ಟಾರ್ಟ್ ಆಗದ ಸ್ಕೂಟರಿನಂತೆ ಕೊರ್ ಕೊರ್ ಎಂದು ಸುಮ್ಮನಾಗುತ್ತಿತ್ತು. ಮೇಷ್ಟ್ರು “ಹ, ಹ, ಹ” ಎಂದು ಮಗ್ಗಿ ಒಪ್ಪಿಸಿದಂತೆ ನಕ್ಕರು. ಚಿಕ್ಕಮ್ಮ ಮಾತ್ರ ಹುಟ್ಟು ಪ್ರತಿಭೆ. ದೊಡ್ಡಮ್ಮನ ಸ್ವಂತ ತಂಗಿ ಆಕೆ. ನಕ್ಕರೆ ಬೀದಿಯ ಆಚೆ ತುದಿಯ ನಾಯಿ ಬೊಗಳಬೇಕು.

“ಜನಾನೂ ನಗ್ತಾರೇನೇ?” ಎಂದು ಗಂಡ ಅನುಮಾನ ತೆಗೆದರು.

“ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ರೀ. ನೀವು ಶುರು ಮಾಡಿ, ಮಿಕ್ಕಿದ್ದು ಅವ್ರು ನೋಡ್ಕೋತಾರೆ,” ಎಂದೆ.

ಆ ದಿನ ಬೆಳಗ್ಗೆ ಹಾಲ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ತುಂಬಿತ್ತು. ಬಂದವರಲ್ಲಿ ಕೆಲವರು ಎಸಿಗಾಗಿ ಬಂದವರು, ಕೆಲವರು ದೆವ್ವದ ಸಿನಿಮಾ ಎಂದು ಬಂದವರು. ನಾವು ಮೂಲೆಗೊಬ್ಬರಂತೆ ಹಂಚಿ ಕೂತೆವು. ತಮ್ಮ ಹಿಂದಿನ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ. ಹೊರಗೆ ಸ್ಟೂಲ್ ಎಳೆದ ಸದ್ದು ಕೇಳಿತು.

ಮೊದಲ ಕರ್ಚೀಫು ಏರಿದ್ದು, ಆಮೇಲೆ ತಿಳಿದಂತೆ, ಅಧಿಕಾರಿಯ ವಾಹನ ಪಾರ್ಕಿಂಗ್ ಸಿಗದೆ ಭೂಮಿಯನ್ನು ಸುತ್ತುತ್ತಲೇ ಇದ್ದಾಗ. ಚಿಕ್ಕಮ್ಮ ಸಿಡಿದರು. ನಾನು ಸಿಡಿದೆ. ಗಂಡನ ಸ್ಕೂಟರ್ ಕೂಡ ಎರಡನೇ ಒದೆತಕ್ಕೆ ಹಿಡಿದುಕೊಂಡಿತು. ಆಮೇಲೆ ನಡುವಿನ ಸಾಲಿನಲ್ಲಿ ಯಾರೋ, ಅವರ ಪಕ್ಕದವರು, ಅವರ ಹಿಂದಿನವರು. ಕರ್ಚೀಫು ಇಳಿಯಿತು, ನಿಂತೆವು. ಏರಿತು, ನಕ್ಕೆವು. ಮಂತ್ರಿಯ ಭಾಷಣವನ್ನು ತಕ್ಕಡಿಯಲ್ಲಿ ತೂಗಿ ‘ಪೂರ್ತಿ ಖಾಲಿ, ಗರಿಷ್ಠ ತೆರಿಗೆ’ ಎಂದು ಬರೆಯುವಾಗ ಇಡೀ ಹಾಲ್ ಒಂದೇ ಗಂಟಲಾಯಿತು. ನಾನು ಬೀಗಿದೆ. ಏನು ನಡೆಯುತ್ತಿದೆ ಎಂದು ನಮ್ಮ ಪಡೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದದ್ದು ಕರ್ಚೀಫನ್ನು, ಸಿನಿಮಾವನ್ನಲ್ಲ.

ಇಂಟರ್ವಲ್‌ನಲ್ಲಿ ಹೊರಗೆ ಬಂದರೆ ಪಾಪ್‌ಕಾರ್ನ್ ಕೌಂಟರಿನ ಮುಂದೆ ಅಭಿಪ್ರಾಯಗಳ ಸಂತೆ ನೆರೆದಿತ್ತು.

“ಆ ಅಧಿಕಾರಿ ಥೇಟ್ ನಮ್ಮ ಮ್ಯಾನೇಜರ್ ಕಣ್ರೀ. ನಡೆಯೋ ಶೈಲಿ ಕೂಡ,” ಎಂದು ಟೈ ಕಟ್ಟಿದವನೊಬ್ಬ ಹೇಳುತ್ತಿದ್ದ. ಅವನ ಹಿಂದೆಯೇ ಅದೇ ಬಣ್ಣದ ಟೈ ಕಟ್ಟಿದ ಹಿರಿಯರು, “ನಮ್ಮ ಕೈಕೆಳಗಿನವ್ರೆಲ್ಲ ಹಿಂಗೇನೆ,” ಎಂದು ನಗುತ್ತಿದ್ದರು. ಒಬ್ಬ ಹೆಂಗಸು ಗಂಡನಿಗೆ, “ಖಾಲಿ ತಲೆ ಅಂದಾಗ ನನ್ನ ಕಡೆ ಯಾಕ್ರೀ ನೋಡಿದ್ರಿ?” ಎಂದು ಮುಖ ಗಂಟಿಕ್ಕಿದ್ದಳು. ದೆವ್ವಕ್ಕಾಗಿ ಬಂದಿದ್ದವನು ದೆವ್ವ ಸೆಕೆಂಡ್ ಹಾಫ್‌ನಲ್ಲಿ ಬರುತ್ತದೆಂದು ಅಕ್ಕಪಕ್ಕದವರಿಗೆ ಧೈರ್ಯ ಹೇಳುತ್ತಿದ್ದ. ಗಡ್ಡ ಬಿಟ್ಟ ವಿಮರ್ಶಕರೊಬ್ಬರು ವೈಪರ್‌ಗಳು ಮನುಷ್ಯನ ದ್ವಂದ್ವವನ್ನು ಸೂಚಿಸುತ್ತವೆ ಎಂದರು. ಅವು ನನ್ನ ಕಾರಿನವು, ಮಳೆ ಬಂದರೆ ಒರೆಸುತ್ತಿದ್ದವು, ಈಗ ನಾನು ಕಿಟಕಿಯಿಂದ ತಲೆ ಹೊರಹಾಕಿ ಓಡಿಸುತ್ತಿದ್ದೇನೆ ಎಂದು ಹೇಳಬೇಕೆನಿಸಿತು. ತಮ್ಮನ ಮಾನ ನೆನೆದು ಉಗುಳು ನುಂಗಿಕೊಂಡೆ.

ಮಾಲೀಕರು ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದರು. “ಸದ್ದು ಚೆನ್ನಾಗಿದೆ,” ಎಂದರು.

ತಮ್ಮ ನಂಬಲಾಗದವನಂತೆ ನನ್ನ ಕೈ ಹಿಡಿದುಕೊಂಡ. “ಅಕ್ಕ, ನಗ್ತಾ ಇದಾರೆ. ನಾನು ಅಂದ್ಕೊಂಡ ಜಾಗದಲ್ಲೇ ನಗ್ತಾ ಇದಾರೆ.” ಅವನ ಕೈ ತಣ್ಣಗಿತ್ತು. ಆ ಕ್ಷಣಕ್ಕೆ ನನಗೆ ನಾನೇ ಮೆಚ್ಚುಗೆಯಾದೆ.

ಎರಡನೆಯ ಅರ್ಧದಲ್ಲಿ ಕರ್ಚೀಫು ಸ್ವಲ್ಪ ಹೊತ್ತು ಏರಲೇ ಇಲ್ಲ. ಹಾಲ್ ತೂಕಡಿಸುವಂತಾಯಿತು. ಹೊರಗೆ ಸ್ಟೂಲ್ ಕಿರುಗುಟ್ಟಿತು. ಏರಿಸಿ ದೊಡ್ಡಪ್ಪ, ಏರಿಸಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿರುವಾಗ ಬಿಳಿ ಚೌಕ ಥಟ್ಟನೆ ಮೇಲೆದ್ದಿತು. ಚಿಕ್ಕಮ್ಮ ಗಗನ ಹರಿಯುವಂತೆ ನಕ್ಕರು. ಹಸಿದಿದ್ದ ಹಾಲ್ ಅವರ ಹಿಂದೆಯೇ ಬಿದ್ದಿತು. ಗಂಡ ಕುರ್ಚಿಯ ಕೈ ಬಡಿದರು, ಮೇಷ್ಟ್ರು ಮಗ್ಗಿ ಮರೆತು ನಕ್ಕರು. ಕರ್ಚೀಫು ಇಳಿಯಲಿಲ್ಲ. ನಕ್ಕೆವು. ಇನ್ನೂ ಇಳಿಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಷ್ಟು ಉದ್ದದ ಜೋಕು ಯಾವುದಪ್ಪಾ ಎಂದು, ಬಾಯಿ ತೆರೆದೇ ಇಟ್ಟುಕೊಂಡು, ಆ ಬೆಳಗ್ಗೆ ಮೊದಲ ಬಾರಿಗೆ ನಾನು ಪರದೆಯತ್ತ ನೋಡಿದೆ.

ಪರದೆಯ ತುಂಬ ದೊಡ್ಡಮ್ಮನ ಕುರ್ಚಿ ಇತ್ತು.

ಅದೇ ಬೆತ್ತ, ಅದೇ ನೀಲಿ ಬಟ್ಟೆ ಸುತ್ತಿದ ಕೈ. ಎದುರಿಗೆ ತೆರಿಗೆ ಅಧಿಕಾರಿ ನಿಂತು, ಇದು ಖಾಲಿ ಕುರ್ಚಿ, ತೆರಿಗೆ ಕಟ್ಟು ಎನ್ನುತ್ತಿದ್ದ. ಪಕ್ಕದಲ್ಲಿ ಒಬ್ಬ ಮುದುಕ, ಖಾಲಿ ಅಲ್ಲ ಸ್ವಾಮಿ, ಅವಳು ನೀರು ತರೋಕೆ ಒಳಗೆ ಹೋಗಿದ್ದಾಳೆ ಎನ್ನುತ್ತಿದ್ದ. ಸರಿ, ಕಾಯುತ್ತೇನೆ ಎಂದು ಅಧಿಕಾರಿ ಬಾಗಿಲಲ್ಲಿ ನಿಂತ. ಕಾದ. ಅವನ ಕೊಂಬುಗಳಿಗೆ ಜೇಡ ಬಲೆ ಕಟ್ಟಿತು. ಅವು ನೆರೆತವು. ಅವನು ಕೊನೆಗೆ ಕುರ್ಚಿಯ ಕಡೆ ತಿರುಗಿ ಏನೋ ಹೇಳಿ ಹೊರಟುಹೋದ. ಏನೆಂದು ಕೇಳಿಸಲಿಲ್ಲ. ನಾವು ಅಷ್ಟು ಜೋರಾಗಿ ನಗುತ್ತಿದ್ದೆವು.

ನಾನು ಬಾಯಿ ಮುಚ್ಚಿಕೊಂಡೆ. ಮೊದಲ ಸಾಲಿನಲ್ಲಿ ಕರ್ಚೀಫು ಏರಿಯೇ ಇತ್ತು. ದೊಡ್ಡಪ್ಪ ಯಾರಿಗೂ ಸಿಗ್ನಲ್ ಕೊಟ್ಟಿರಲಿಲ್ಲ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

ದೀಪ ಹತ್ತಿದಾಗ ಜನ ಹೊಟ್ಟೆ ಸವರಿಕೊಳ್ಳುತ್ತ ಹೊರಟರು. “ಕುರ್ಚಿ ಸೀನು ಸೂಪರ್ರು,” ಎಂದು ಎಸಿಗಾಗಿ ಬಂದವನು ದೆವ್ವಕ್ಕಾಗಿ ಬಂದವನಿಗೆ ಹೇಳಿದ. ವಿಮರ್ಶಕರು ಮೊಬೈಲಿನಲ್ಲಿ ಅದನ್ನೇ ಬರೆದುಕೊಳ್ಳುತ್ತಿದ್ದರು, ಸಾವನ್ನು ನಕ್ಕು ಗೆದ್ದ ದೃಶ್ಯ ಎಂದೇನೋ. ಮಾಲೀಕರು ಸ್ಟೂಲಿನಿಂದ ಎದ್ದು ತಮ್ಮನ ಬೆನ್ನು ತಟ್ಟಿದರು. “ಆ ಕೊನೇ ನಗು ಇದ್ಯಲ್ಲ, ಬಾಗಿಲೇ ಅಲ್ಲಾಡ್ಹೋಯ್ತು. ಮ್ಯಾಟ್ನಿ ನಿಂದೇ. ವಾರ ಪೂರ್ತಿ ನಿಂದೇ.”

ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. “ಬೇಡ. ತೆಗೆದ್ಬಿಡಿ. ದೆವ್ವಾನೇ ಹಾಕ್ಕೊಳ್ಳಿ,” ಎಂದ.

“ಹುಚ್ಚು ಗಿಚ್ಚು ಹಿಡೀತೇನಯ್ಯ?”

“ಅದು ನಗೋ ಸೀನಲ್ಲ. ಅದಕ್ಕೆ ನಗ್ತಾರೆ ಅಂದ್ರೆ ನಂಗೆ ಸಿನಿಮಾ ಮಾಡೋಕೆ ಬರಲ್ಲ ಅಂತ. ಮುಗೀತು.”

ಇನ್ನು ಬಾಯಿ ಕಟ್ಟಿಕೊಂಡಿರಲು ಸಾಧ್ಯವಿರಲಿಲ್ಲ. ಪಡೆ, ತಾಲೀಮು, ಕರ್ಚೀಫು, ಎಲ್ಲ ಹೇಳಿದೆ. ಅವನು ನನ್ನನ್ನು ನೋಡಿದ ರೀತಿಗೆ ಬೈದಿದ್ದರೇ ವಾಸಿಯಿತ್ತು.

“ಅಂದ್ರೆ ಬೆಳಗ್ಗೆಯಿಂದ ನಕ್ಕಿದ್ದು ನೀವಾ?”

“ನೀನೇ ತಾನೆ ಎಲ್ಲಿ ಬರುತ್ತೋ ಅಲ್ಲಿ ನಗು ಅಂದಿದ್ದು?” ಎಂದುಬಿಟ್ಟೆ. ನನ್ನ ನಾಲಿಗೆಗೆ ಬ್ರೇಕ್ ಇಲ್ಲ. ಆಡಿದ ಮೇಲೆ ಅದನ್ನು ಕಿತ್ತುಕೊಳ್ಳಬೇಕೆನಿಸಿತು.

ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. “ನಮ್ಮಕ್ಕನ ಕುರ್ಚಿ ನೋಡಿ ನಗ್ಬಿಟ್ನಲ್ಲೇ. ನಾನು ನೋಡ್ಲೇ ಇಲ್ವಲ್ಲೇ ಅದನ್ನ,” ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಆ ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ದೊಡ್ಡಪ್ಪ ಹೊರಬಂದರು. ನೇರವಾಗಿ ತಮ್ಮನ ಎದುರು ನಿಂತು, ಕರ್ಚೀಫನ್ನು ಅವನ ಅಂಗೈಗೆ ಹಾಕಿದರು.

“ತಪ್ಪು ನಂದು. ಸರ್ವಿಸ್ ಪೂರ್ತಿ ಒಂದು ರಾಂಗ್ ಸಿಗ್ನಲ್ ಕೊಟ್ಟವನಲ್ಲ ನಾನು. ಇವತ್ತು ಕೊಟ್ಟೆ.”

ತಮ್ಮ ಅದನ್ನು ಹಿಡಿದುಕೊಂಡ. ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು.

“ಅತ್ರಾ ದೊಡ್ಡಪ್ಪ?”

“ನೆಗಡಿ,” ಎಂದರು. ಆಮೇಲೆ ತಲೆ ತಗ್ಗಿಸಿ, “ಎಲ್ಲಾ ಸೀನೂ ಓದಿ ಹೇಳ್ದೆ. ಇದೊಂದು ಯಾಕೆ ಹೇಳ್ಲಿಲ್ಲ? ಅವತ್ತು ಶೂಟಿಂಗ್‌ಗೆ ಕುರ್ಚಿ ಕೇಳ್ದಾಗ್ಲೂ ಎಲ್ಲೋ ಮೂಲೇಲಿ ಇರುತ್ತೆ ಅಷ್ಟೇ ಅಂದೆ.”

“ಓದೋಕೆ ಕೂತೆ. ಆಗ್ಲಿಲ್ಲ,” ಎಂದ ತಮ್ಮ.

ಮಾಲೀಕರು ನನ್ನ ಕಿವಿಯ ಬಳಿ, “ಮ್ಯಾಟ್ನಿ ಉಂಟೋ ಇಲ್ವೋ ಹೇಳಮ್ಮ, ಟಿಕೆಟ್ ಕೊಡ್ತಾ ಇದಾರೆ,” ಎಂದು ಪಿಸುಗುಟ್ಟಿದರು. ಅವರ ಕಾಲನ್ನು ತುಳಿದೆ.

“ಇನ್ನೊಂದ್ಸಲ ತೋರ್ಸು,” ಎಂದರು ದೊಡ್ಡಪ್ಪ. “ಕಣ್ಣು ಒರೆಸ್ಕೊಳ್ಳೋದ್ರಲ್ಲಿ ಅರ್ಧ ಕಾಣ್ಲೇ ಇಲ್ಲ. ಅವನು ಕೊನೆಗೆ ಕುರ್ಚಿಗೆ ಏನೋ ಹೇಳ್ದ, ಈ ಕತ್ತೆಗಳ ನಗೂಲಿ ಕೇಳಿಸ್ಲಿಲ್ಲ. ಸರಿಯಾಗಿ ನೋಡ್ಬೇಕು ನಾನು.”

ಇನ್ಯಾರು ಹೇಳಿದ್ದರೂ ತಮ್ಮ ಒಪ್ಪುತ್ತಿರಲಿಲ್ಲ. ಅವನು ಮೂಗು ಎಳೆದುಕೊಂಡು ಮಾಲೀಕರತ್ತ ತಲೆಯಾಡಿಸಿದ. ದೊಡ್ಡಪ್ಪ ಕರ್ಚೀಫನ್ನು ಅವನ ಕೈಯಿಂದ ತೆಗೆದು ನನಗೆ ಕೊಟ್ಟರು. “ನೀನಿಟ್ಕೊ. ಡ್ಯೂಟಿ ಮುಗೀತು.”

ಮ್ಯಾಟ್ನಿಗೆ ನಾವೆಲ್ಲ ಒಂದೇ ಸಾಲಿನಲ್ಲಿ ಕೂತೆವು, ಮುಂದಿನ ಸಾಲಿನಲ್ಲಿ, ದೊಡ್ಡಪ್ಪನ ಅಕ್ಕಪಕ್ಕ. ನೋಡಲು ಕರ್ಚೀಫಿಲ್ಲದೆ ಪರದೆಯನ್ನೇ ನೋಡಬೇಕಾಯಿತು. ನಿಜ ಹೇಳಬೇಕೆಂದರೆ ಸಿನಿಮಾ ಅಲ್ಲಲ್ಲಿ ಎಳೆದಾಡುತ್ತದೆ. ಬೆಳಗ್ಗೆ ಬಾಗಿಲು ಅಲ್ಲಾಡಿಸಿದ್ದ ಎಷ್ಟೋ ಜೋಕುಗಳಿಗೆ ಈಗ ಒಂದೆರಡು ಗಂಟಲುಗಳಷ್ಟೇ ಕೆಮ್ಮಿದವು. ಮಂತ್ರಿಯ ತಕ್ಕಡಿಗೆ ಮಾತ್ರ ಜನ ತಾವಾಗಿಯೇ ನಕ್ಕರು. ಮೇಷ್ಟ್ರು ಖಾಲಿಯನ್ನು ಎಷ್ಟರಿಂದ ಗುಣಿಸಿದರೂ ಖಾಲಿಯೇ ಎಂದು ತಡವಾಗಿ ಹೊಳೆದು ಒಬ್ಬರೇ ನಕ್ಕರು. ಹಿಂದೆ ತಮ್ಮ ಗೋಡೆಗೆ ಒರಗಿ ನಿಂತಿದ್ದ. ಹೊರಗೆ ಸ್ಟೂಲ್ ಮತ್ತೆ ಮತ್ತೆ ಕಿರುಗುಟ್ಟುತ್ತಿತ್ತು.

ಕುರ್ಚಿ ಬಂತು. ಚಿಕ್ಕಮ್ಮ ನನ್ನ ಕೈ ಹಿಡಿದರು, ಬೆರಳು ಮುರಿಯುವಂತೆ. ಅವಳು ನೀರು ತರೋಕೆ ಒಳಗೆ ಹೋಗಿದ್ದಾಳೆ ಎಂದ ಮುದುಕ. ಹಾಲ್‌ನಲ್ಲಿ ಸೂಜಿ ಬಿದ್ದರೆ ಕೇಳುವಷ್ಟು ಮೌನ. ಅಧಿಕಾರಿ ಕಾದ. ಮೌನಕ್ಕೆ ಗಾಬರಿಯಾಗಿ ಮಾಲೀಕರು ಬಾಗಿಲನ್ನು ಸ್ವಲ್ಪ ತೆರೆದು, ಬಹುಶಃ ಜೀವನದಲ್ಲೇ ಮೊದಲ ಬಾರಿಗೆ, ಒಳಗೆ ಇಣುಕಿದರು. ಜೇಡ ಬಲೆ ಕಟ್ಟಿತು. ಕೊಂಬು ನೆರೆತವು. ದೊಡ್ಡಪ್ಪನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅಧಿಕಾರಿ ತನ್ನ ಚೀಲ ಎತ್ತಿಕೊಂಡ. ಆ ಖಾಲಿ ಕುರ್ಚಿಗೆ ಕೈಮುಗಿದು, ಮೆಲ್ಲಗೆ, “ಬರ್ತೀನಮ್ಮಾ” ಎಂದ.

“ನೀರು ಕುಡ್ಕೊಂಡು ಹೋಗಪ್ಪಾ!” ಎಂದರು ದೊಡ್ಡಪ್ಪ.

ಪ್ಲಾಟ್‌ಫಾರಮ್ಮಿನ ಆ ತುದಿಗೆ ಕೇಳುವ ಗಾರ್ಡಿನ ಗಂಟಲು ಅದು. ಆಮೇಲೆ ದೊಡ್ಡಪ್ಪ ನಕ್ಕರು. ಬೆರಳೆತ್ತಿ ಅಲ್ಲ, ಬಾಯಿ ತೆರೆದು, ಭುಜ ಕುಣಿಸಿ, ಮೂಗಿನಿಂದ ನೀರು ಸುರಿಯುವಂತೆ. ಅವರ ಹಿಂದೆಯೇ ಹಾಲ್ ನಕ್ಕಿತು, ಬಾಗಿಲಲ್ಲಿ ನಿಂತಿದ್ದ ಮಾಲೀಕರೂ ನಕ್ಕರು. ತಿರುಗಿ ನೋಡಿದೆ. ತಮ್ಮ ಗೋಡೆಗುಂಟ ಜಾರಿ ನೆಲದ ಮೇಲೆ ಕೂತಿದ್ದ, ಮೊಣಕಾಲಿಗೆ ಹಣೆ ಕೊಟ್ಟು, ನಗುತ್ತಿದ್ದನೋ ಅಳುತ್ತಿದ್ದನೋ ಆ ಕತ್ತಲೆಯಲ್ಲಿ ಗೊತ್ತಾಗಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

ಯಾರೂ ಏನನ್ನೂ ಎತ್ತಿರಲಿಲ್ಲ. ಕರ್ಚೀಫು ನನ್ನ ಮುಷ್ಟಿಯಲ್ಲೇ ಇತ್ತು, ಇನ್ನೂ ಆರಿರಲಿಲ್ಲ. ಅದರಲ್ಲೇ ಮೂಗು ಒರೆಸಿಕೊಂಡು ನಾನೂ ನಕ್ಕೆ.